ಪ್ರತಿ ಉಳಿಯುತ್ತದೆ

ತಾಕ್ವಾರೆಂಬೊ ಊರಿನ ರೇಡಿಯೊ ಸಂಗ್ರಹಾಲಯದಲ್ಲಿ ಇಬ್ಬರೇ ಇಬ್ಬರು: ಪ್ರೋಗ್ರಾಂ ಬರೆಯುವ ಎವಾರಿಸ್ತೊ, ಹಳೆಯ ಟೇಪುಗಳ ಪಟ್ಟಿ ಮಾಡುವ ಒತಿಲಿಯಾ. ಬೆಳಿಗ್ಗೆ ಬಂದವಳೇ ಒತಿಲಿಯಾ ಸೋರೆಬುರುಡೆಯಲ್ಲಿನ ‘ಮಾತೆ’ ಎಂಬ ಚಹಾದಂಥ ಸೊಪ್ಪಿಗೆ ಬಿಸಿನೀರು ಹೊಯ್ಯುತ್ತಾಳೆ. ಒಂದೇ ಕೊಳವೆ, ಸರದಿಯಲ್ಲಿ ಹೀರಬೇಕು. ಸಾಕಾದವರು ‘ಗ್ರಾಸಿಯಾಸ್’, ಅಂದರೆ ಧನ್ಯವಾದ, ಎನ್ನುವವರೆಗೂ ಬುರುಡೆ ಸುತ್ತುತ್ತಲೇ ಇರುತ್ತದೆ.

“ಏನ್ ಹೀರೋ, ಇಂಟರ್ವಲ್‌ಗೆ ಮುಂಚೆನೇ ಕರೆಂಟ್ ಹೋದ ಟಾಕೀಸ್ ಥರ ಇದೆ ಮುಖ?”

ಎವಾರಿಸ್ತೊ ನಗಲಿಲ್ಲ. ನಾಳೆ ಅವಳ ಹುಟ್ಟುಹಬ್ಬ. ತೀರಿಕೊಂಡ ಅವಳ ತಾಯಿ ಒಂದು ಕಾಲದಲ್ಲಿ ರೇಡಿಯೊದಲ್ಲಿ ದೂರದ ಹುಲ್ಲುಗಾವಲಿನವರಿಗೆ ಸಂದೇಶ ಓದುತ್ತಿದ್ದವಳು: ಇಂಥವರಿಗೆ ಗಂಡುಮಗು, ಇಂಥವರ ಕುದುರೆ ಸಿಕ್ಕಿದೆ. ಉಳಿದದ್ದು ಹನ್ನೊಂದೇ ಧ್ವನಿಮುದ್ರಣ. ಅವುಗಳ ಗರಗರ ಸದ್ದು ತೆಗೆದು ಉಡುಗೊರೆ ಕೊಡೋಣ, ಅಲ್ಲಿಯವರೆಗೆ ಅವಳ ಕಣ್ಣಿಗೆ ಬೀಳದಂತೆ ಪಟ್ಟಿಯಿಂದ ಮರೆಮಾಡೋಣ ಎಂದುಕೊಂಡಿದ್ದ. ಅದಕ್ಕಿದ್ದ ಕಂಪ್ಯೂಟರ್ ಆಜ್ಞೆಯ ಹೆಸರಿನ ಮೇಲೆ ಮೌಸ್ ಇಟ್ಟಾಗ, ಪ್ರೋಗ್ರಾಂ ಬರೆಯುವ ಎಡಿಟರ್ ತಂತ್ರಾಂಶ ಟಿಪ್ಪಣಿ ತೋರಿಸಿತು: ‘ಪಟ್ಟಿಯಿಂದ ತೆಗೆಯುತ್ತದೆ. ಪ್ರತಿ ಉಳಿಯುತ್ತದೆ.’ ನಂಬಿ ನಿನ್ನೆ ಸಂಜೆ ಓಡಿಸಿದ್ದ.

ಆ ಟಿಪ್ಪಣಿ ಕಾಗದಪತ್ರಗಳಿಗೆಂದು ಬರೆದ ಮೂಲ ಆಜ್ಞೆಯದು. ಅದರಿಂದ ಹುಟ್ಟಿದ, ಧ್ವನಿಗಳಿಗೆಂದೇ ಇರುವ ಆಜ್ಞೆಗೆ ಯಾರೂ ಟಿಪ್ಪಣಿ ಬರೆದಿರಲಿಲ್ಲ. ಎಡಿಟರ್ ಅಪ್ಪನ ಮಾತನ್ನೇ ಮಗನ ಬಾಯಿಗೆ ತುರುಕಿತ್ತು. ಮಗ ಬೇರೆಯೇ ಆಸಾಮಿ; ಬೇರುಸಮೇತ ಅಳಿಸುತ್ತಿದ್ದ. ಬ್ಯಾಕಪ್ ಆ ಖಾಲಿಯನ್ನೇ ನಿಷ್ಠೆಯಿಂದ ನಕಲು ಮಾಡಿಕೊಂಡಿತ್ತು. ಮೂಲ ಟೇಪುಗಳು ಬೂಷ್ಟು ಹಿಡಿದು, ಹೋದ ವರ್ಷವೇ ಕಸ ಸೇರಿದ್ದವು.

“ಒತಿ, ಅಮ್ಮನ ರೆಕಾರ್ಡಿಂಗ್... ನನ್ ಕೈಯಿಂದ ಅಳಿಸಿಹೋಯ್ತು. ಹನ್ನೊಂದೂ.”

“ಥೂ, ಬೆಳಿಗ್ಗೆ ಬೆಳಿಗ್ಗೆ ಓಳು ಬಿಡ್ಬೇಡ.”

“ಓಳಲ್ಲ. ಗರಗರ ತೆಗೆದು ನಾಳೆ ನಿನ್ ಹುಟ್ಟುಹಬ್ಬಕ್ಕೆ ಕೊಡೋಣ, ಅಲ್ಲಿವರೆಗೂ ಮರೆಮಾಡೋಣ ಅಂತ ಹೋದೆ. ಪ್ರತಿ ಉಳಿಯತ್ತೆ ಅಂತ ಬರೆದಿತ್ತು ಕಣೇ.”

“ಯಾರು ಬರೆದಿದ್ದು?”

“ನಾನೇ. ಮೂರು ವರ್ಷದ ಹಿಂದೆ. ಬೇರೆದಕ್ಕೆ.”

ಒತಿಲಿಯಾ ಕಿಟಕಿ ಕಡೆ ನೋಡಿದಳು. ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ಚೆನ್ನಾಗಿತ್ತು.

“ಕೊನೇಲಿ ಅಮ್ಮ ಕೆಮ್ಮೋಳು ನೋಡು, ‘ಕೇಳಿದವರು ಕೇಳದವರಿಗೆ ತಿಳಿಸಿ’ ಅನ್ನೋ ಮುಂಚೆ,” ಎಂದಳು. “ಆ ಕೆಮ್ಮನ್ನೂ ಗರಗರ ಅಂತ ತೆಗೀತಿದ್ಯೇನೋ ನೀನು.”

ಅವನ ಕೈಯಿಂದ ಬುರುಡೆ ತೆಗೆದುಕೊಂಡಳು. ಎವಾರಿಸ್ತೊ ಇನ್ನೂ ಸಾಕೆಂದಿರಲಿಲ್ಲ.

“ಗ್ರಾಸಿಯಾಸ್,” ಎಂದಳು ಅವಳೇ, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ.