ಕೆಂಚವೀರಪ್ಪನ ಅಕ್ಷರ

ಉಗುರಿನ ಸಂದಿಯ ಕಪ್ಪು ಬಣ್ಣ ಹೋಗುತ್ತಲೇ ಇರಲಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ರೂಪಶ್ರೀ ಅಪ್ಪನ ಹೆಬ್ಬೆರಳನ್ನು ಮತ್ತೊಮ್ಮೆ ತಿಕ್ಕಿದಳು.

"ಬಿಡವ್ವ," ಎಂದಳು ತಾಯಿ ನಿರ್ಮಲಮ್ಮ. "ಮದುವಿಯಾದಾಗಿಂದ ನಾನೂ ತಿಕ್ಕೀನಿ. ಆ ಕೈಲೇ ರೊಟ್ಟಿ ತಿಂದೋರು, ಆ ಕೈಲೇ ಹೋಗ್ಲಿ."

ಕೆಂಚವೀರಪ್ಪನನ್ನು ಗೋಡೆಗೆ ಒರಗಿಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಹಣೆ ತುಂಬ ವಿಭೂತಿ ಬಳಿದು ಕೂಡಿಸಿದ್ದರು. ದಾವಣಗೆರೆಯ ಮಂಡಿಪೇಟೆಯ ಅರ್ಧಕ್ಕರ್ಧ ಬೋರ್ಡು ಬರೆದ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಹೊರಗೆ ಶಾಮಿಯಾನದ ಕೆಳಗೆ ದಲಾಲಿ ಅಂಗಡಿಯವರು ಮಾತಾಡಿಕೊಳ್ಳುತ್ತಿದ್ದರು.

"ನಮ್ಮ ಬೋರ್ಡ್ ಬರಿಯೋಕೆ ಬಂದು, ನಿಮ್ಮ ಹೆಸರು ಉದ್ದ ಆತು ಸಾವ್ಕಾರ್ರೆ, ಅಂಗಡಿನಾರ ಅಗಲ ಮಾಡ್ರಿ, ಹೆಸರಾರ ಮೊಟಕು ಮಾಡ್ಕಳ್ರಿ ಅಂದಿದ್ದ ಪುಣ್ಯಾತ್ಮ."

"ನೀನೇನ್ ಮಾಡಿದಿ?"

"ನಮ್ಮಪ್ಪನ ಹೆಸರು ತೆಗಿಸ್ದೆ."

ಯಾರೋ ನಕ್ಕು, ನಕ್ಕಿದ್ದು ನೆನಪಾಗಿ ಕೆಮ್ಮಿದರು.

ಎಲ್ಲ ಓಡಾಟವೂ ಬಕ್ಕೇಶನದೇ. ಹೊತ್ತೊಯ್ಯಲು ಹೂವಿನ ವಿಮಾನ, ಭಜನೆಯವರು, ಗುಂಡಿ ತೋಡುವವರು. ಹತ್ತು ವರ್ಷದವನಿದ್ದಾಗ ಬಣ್ಣದ ಡಬ್ಬಿ ಹಿಡಿಯಲು ಬಂದವನು ಈ ಮನೆಯಲ್ಲೇ ಉಂಡು ಬೆಳೆದಿದ್ದ. ಕೆಂಚವೀರಪ್ಪನನ್ನು ರೂಪಶ್ರೀಯಂತೆಯೇ ಅಪ್ಪಾಜಿ ಎನ್ನುತ್ತಿದ್ದ. "ಗಂಡುಮಗ ಇಲ್ಲ ಅನ್ನೋ ಕೊರಗು ಬ್ಯಾಡ ನಿರ್ಮಲಕ್ಕ, ಬಕ್ಕೇಶಿ ಇದಾನಲ್ಲ," ಎಂದು ಪಕ್ಕದ ಮನೆಯ ಭೀಮವ್ವ ಬೆಳಗಿನಿಂದ ಮೂರನೇ ಸಲ ಹೇಳಿದಳು.

ಐನೋರು ಜೋಳಿಗೆ ತಡಕಾಡಿ ತಲೆ ಎತ್ತಿದರು. "ಮಂತ್ರದ ಚೀಟಿ ಎಲ್ಲಿ? ಗುಂಡಿಯೊಳಗ ಮೈಮ್ಯಾಲೆ ಇಡಾಕ ಬೇಕಲ್ಲ."

ಆ ಓಣಿಯಲ್ಲಿ ಯಾರು ಸತ್ತರೂ ಚೀಟಿಗಳ ಮೇಲೆ 'ಓಂ ನಮಃ ಶಿವಾಯ' ಬರೆದು ಕೊಡುತ್ತಿದ್ದವನು ಕೆಂಚವೀರಪ್ಪನೇ.

"ಅದನ್ನ ನನಗ ಬಿಡ್ರಿ," ಎಂದ ಬಕ್ಕೇಶ, ಕಣ್ಣೊರೆಸಿಕೊಂಡು ತನ್ನ ಅಂಗಡಿಗೆ ಸ್ಕೂಟರ್ ಹತ್ತಿದ.

*

ತೊಂಬತ್ತೇಳರಲ್ಲಿ ಬಕ್ಕೇಶ ಸ್ವಂತ ಅಂಗಡಿ ಹಾಕಿ ಕಂಪ್ಯೂಟರ್ ತಂದಿದ್ದ, ಜೊತೆಗೆ ರೇಡಿಯಂ ಅಕ್ಷರ ಕತ್ತರಿಸುವ ಮಷೀನು. ಬೋರ್ಡ್ ಬರೆಸುವವರು ಒಬ್ಬೊಬ್ಬರಾಗಿ ಅತ್ತ ಹೋದರು. ಕೆಂಚವೀರಪ್ಪ ಬೇಸರ ಮಾಡಿಕೊಳ್ಳಲಿಲ್ಲ. ಅಲ್ಲಿಗೇ ಹೋಗಿ ಕೂತು ಪರದೆಯ ಮೇಲಿನ ಅಕ್ಷರ ನೋಡಿ, "ಇದೇನೋ, ಉಪವಾಸ ಬಿದ್ದಂಗ ಐತಲ್ಲ," ಅಂದಿದ್ದ.

"ನೀವು ಬರ್ದು ಕೊಡ್ರಿ ಅಪ್ಪಾಜಿ. ಒಳಗ ಹಾಕ್ತೀನಿ. ಫಾಂಟಿಗೆ 'ಕೆಂಚವೀರ' ಅಂತ ಹೆಸರಿಡಾನ. ಎಲ್ಲಾ ಊರಾಗೂ ನಿಮ್ಮ ಅಕ್ಷರ."

ಮುದುಕ ಹಿಗ್ಗಿಹೋದ. ಮಳೆಗಾಲವಿಡೀ ಕೂತು ಅಕ್ಷರ, ಕಾಗುಣಿತ, ಒತ್ತು ಎಲ್ಲ ಬರೆದ. ಅವನ 'ಯ'ದ ಬಾಲ ಕೊನೆಗೆ ಕೊಂಚ ಮೇಲಕ್ಕೆ ಚಿಮ್ಮುತ್ತಿತ್ತು, ಹಾರಲು ಎದ್ದ ಗುಬ್ಬಿಯ ಹಾಗೆ. ಬಕ್ಕೇಶ ಎಲ್ಲವನ್ನೂ ಸ್ಕ್ಯಾನ್ ಮಾಡಿ, ಒಂದೊಂದಾಗಿ ತಿದ್ದಿ ಕೂಡಿಸಿದ. ಆಮೇಲೊಂದು ದಿನ ಮನೆಗೆ ಬಂದು ತಲೆ ತಗ್ಗಿಸಿ ನಿಂತ.

"ವೈರಸ್ ಬಂದು ವಿಂಡೋಸ್ ಕೆಟ್ಟಿತ್ತು ಅಪ್ಪಾಜಿ. ಹೊಸದಾಗಿ ಹಾಕ್ದೆ. ಈಗ ಅಕ್ಷರ ಇಟ್ಟಿದ್ದ ಡ್ರೈವೇ ತೆಗಿಯವಲ್ದು. ಮುಟ್ಟಿದ್ರೆ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತೈತೆ."

"ಮಾಡಿದ್ರೆ?"

"ಎಲ್ಲಾ ಅಳಿಸಿ ಹೋಗ್ತೈತೆ. ಹರಿಹರದಾಗ ಒಬ್ಬ ಇದಾನೆ, ಅವನ ಕೈಗೆ ಕೊಟ್ಟೀನಿ. ನೋಡಾನ."

ಬರೆದ ಹಾಳೆಗಳು? ಅವು ಅಂಗಡಿಯ ರದ್ದಿಯ ಜೊತೆ ಹೋಗಿದ್ದವು.

ಆಮೇಲೆ ಬಕ್ಕೇಶ ಬಂದಾಗಲೆಲ್ಲ ಕೆಂಚವೀರಪ್ಪ ಕೇಳುವುದು ಒಂದೇ: "ಹರಿಹರದಾಂವ ಏನಂದ?" ಬಕ್ಕೇಶ ತಲೆಯಾಡಿಸುತ್ತಿದ್ದ. "ಓದವಲ್ದಂತೆ ಅಪ್ಪಾಜಿ."

"ಹೋದ್ರೆ ಹೋತು. ಕೈ ಐತಲ್ಲ," ಎಂದು ಮುದುಕ ಅಂಗಡಿಗಳ ಹಳೆಯ ಕ್ಯಾಲೆಂಡರ್ ಹಾಳೆ ತಿರುವಿ ಹಾಕಿ ಮತ್ತೆ ಬರೆಯಲು ಕೂತ. ಕೈಯೇ ಹಿಡಿತಕ್ಕೆ ಬರಲಿಲ್ಲ. ಹೊಸ ಹಾಳೆಯಲ್ಲಿ ಕುಂಚ ಆಡಿಸುವ ಮೊದಲು 'ಓಂ ನಮಃ ಶಿವಾಯ' ಬರೆಯುವುದು ಅವನ ರೂಢಿ. ಆ ಸಾಲು ಹಾಳೆಯಿಂದ ಹಾಳೆಗೆ ಹೆಚ್ಚು ಹೆಚ್ಚು ನಡುಗುತ್ತ ಬಂತು. ನಿನ್ನೆ ಸಂಜೆ ಅಂಥದೇ ಒಂದು ಹಾಳೆಯ ಮೇಲೆ ತಲೆಯಿಟ್ಟವನು ಏಳಲಿಲ್ಲ.

*

ಬಕ್ಕೇಶ ತಂದ ಚೀಟಿಗಳ ತಟ್ಟೆ ಐನೋರ ಮುಂದಿತ್ತು. ಪ್ರಿಂಟರಿನ ಶಾಯಿ ಇನ್ನೂ ಮಿರುಗುತ್ತಿತ್ತು. ಬಿಲ್ವಪತ್ರೆ ಇಡಲು ಬಗ್ಗಿದ ರೂಪಶ್ರೀ ಒಂದು ಚೀಟಿ ಎತ್ತಿಕೊಂಡಳು. 'ಯ'ದ ಬಾಲ ಮೇಲಕ್ಕೆ ಚಿಮ್ಮಿತ್ತು.

ಅಪ್ಪನ ಗಟ್ಟಿ ಕೈಯ ಅಕ್ಷರ. ಎರಡು ವರ್ಷದ ಹಿಂದಿನದು.

ಹರಿಹರದಿಂದ ಬಂದವನೊಬ್ಬ ಆಗಷ್ಟೇ ಹಾರ ಹಾಕಿ ಕೈಮುಗಿದು ಅವಳ ಬಳಿ ನಿಂತ. "ನಾನು ಫಜಲುಲ್ಲಾ, ಅಕ್ಕಾ. ಕಂಪ್ಯೂಟರ್ ರಿಪೇರಿ. ನಿಮ್ಮ ತಂದೀನ ನೋಡಿದ್ದು ಇವತ್ತೇ. ಅವರ ಅಕ್ಷರ ಮಾತ್ರ ಬಾಯಿಪಾಠ."

"ಡ್ರೈವ್ ಓದೋಕೆ ಆಗ್ಲಿಲ್ಲಂತಲ್ಲ?"

"ಯಾರಂದ್ರು? ವಾರದಾಗ ತೆಗೆದು ಕೊಟ್ನಲ್ಲ. ಅಕ್ಷರ ಎಲ್ಲಾ ಹಂಗೇ ಇದ್ವು ಅಕ್ಕಾ, ಯಾವುದು ಎಲ್ಲೈತೆ ಅನ್ನೋ ಗುರುತಷ್ಟೇ ಕೆಟ್ಟಿತ್ತು. ಹಳೇ ಬೋರ್ಡಿನ ಮ್ಯಾಲೆ ಬಣ್ಣ ಹೊಡೆದ್ರೂ ಕೆಳಗಿಂದು ಇರ್ತೈತಲ್ಲ, ಹಂಗ. ಒಂದು ಒತ್ತಕ್ಷರಾನೂ ಹೋಗಿರ್ಲಿಲ್ಲ." ಅವನು ದನಿ ತಗ್ಗಿಸಿದ. "ಹುಬ್ಳಿ, ಗದಗ ಎಲ್ಲಾ ಕಡೆ ಈಗ ಅದೇ ಫಾಂಟು. ಬಕ್ಕೇಶ್ ಅಂತ ಅದಕ್ಕ ಹೆಸರು. ಮಗನಿದ್ದಂಗ ಇದಾನಲ್ಲ, ಅಪ್ಪ ಒಪ್ಪಿರ್ತಾರೆ ಅಂದ್ಕೊಂಡೆ. ಈ ಊರಾಗ ಮಾತ್ರ ಯಾಕ ಹಾಕವಲ್ಲ ಅಂತ ನನಗೂ ಅನ್ಸಿತ್ತು."

ರೂಪಶ್ರೀ ಚೀಟಿ ಹಿಡಿದೇ ಬಕ್ಕೇಶನತ್ತ ನಡೆದಳು.

ಬಕ್ಕೇಶ ವಿಮಾನಕ್ಕೆ ಚೆಂಡುಹೂವು ಕಟ್ಟುತ್ತಿದ್ದ. ಅವಳು ಚೀಟಿಯನ್ನು ಅವನ ಮುಂದೆ ಹಿಡಿದಳು. "ಬಕ್ಕೇಶಣ್ಣ, ಇದಕ್ಕ ಹೆಸರು ಯಾರ್ದು?"

ಅವನು ಫಜಲುಲ್ಲಾನ ಕಡೆ ನೋಡಿದ. ದಾರ ಕೈಯಲ್ಲೇ ಉಳಿಯಿತು.

"ಫಾಂಟ್ ಕೊಂಡ ಹುಬ್ಳಿಯೋರು ಹೊಸ ಹೆಸರು ಕೇಳಿದ್ರು ರೂಪವ್ವ. ಆಮ್ಯಾಲೆ ಹೇಳಾನ ಅಂದ್ಕೊಂಡೆ. ದಿನ ಹೋದಂಗ ಬಾಯೇ ಬರ್ಲಿಲ್ಲ. ಇವತ್ತಾರ ಅವರ ಅಕ್ಷರ ಅವರ ಜೊತಿ ಹೋಗ್ಲಿ ಅಂತ..."

"ಬಂದಾಗೆಲ್ಲ ಕೇಳ್ತಿದ್ರು. ನೀನು ನಮ್ಮನೀಲಿ ಕೂತು, ನಮ್ಮವ್ವ ಕೊಟ್ಟ ಚಾ ಕುಡೀತಾ, ಇಲ್ಲ ಅಂತಿದ್ದಿ. ಆ ನಡುಗೋ ಕೈ ನೋಡ್ತಾ ಅಂತಿದ್ದಿ."

ಅವಳು ತಟ್ಟೆಯಲ್ಲಿದ್ದ ಚೀಟಿಗಳನ್ನೆಲ್ಲ ಬಾಚಿ ಅವನ ಅಂಗೈಗೆ ಸುರಿದು ಒಳಗೆ ಹೋದಳು. ಕ್ಯಾಲೆಂಡರ್ ಹಾಳೆಗಳ ಕಟ್ಟು ಬಿಚ್ಚಿ, ಒಂದೊಂದರ ಮೊದಲ ಸಾಲನ್ನು ಕತ್ತರಿಯಿಂದ ಕತ್ತರಿಸತೊಡಗಿದಳು. ನಿರ್ಮಲಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಹತ್ತಿರ ಬಂದು ಕೂತು, ಕತ್ತರಿಸಿದ್ದನ್ನು ಒಂದರ ಮೇಲೊಂದು ಜೋಡಿಸಿದಳು.

*

ರುದ್ರಭೂಮಿಯಲ್ಲಿ ಐನೋರು ಚೀಟಿಯನ್ನು ಕಣ್ಣಿನ ಹತ್ತಿರ ತಂದರು. "ಇವು ಯಾಕವ್ವ ಹಿಂಗ ನಡುಗ್ಯಾವ?"

"ಅಪ್ಪಾಜಿನೇ ಬರ್ದಿದ್ದು ರೀ."

ಅವರು ತಲೆಯಾಡಿಸಿ, ಗುಂಡಿಯಲ್ಲಿ ಕೂತ ಕೆಂಚವೀರಪ್ಪನ ಎದೆ, ಭುಜ, ತೊಡೆಯ ಮೇಲೆ ಒಂದೊಂದಾಗಿ ಇಟ್ಟರು. ಕೊನೆಯದನ್ನು ಬಣ್ಣದ ಉಗುರಿನ ಕೈಯ ಮೇಲೆ. ಗುಂಡಿಯ ಆಚೆ ಅಂಚಿನಲ್ಲಿ ಬಕ್ಕೇಶ ಮುಷ್ಟಿ ಬಿಗಿದು ನಿಂತಿದ್ದ. ಎಲ್ಲರೂ ಎರಡೂ ಕೈಯಿಂದ ಮಣ್ಣು ಹಾಕಿದರು. ಅವನು ಎಡಗೈಯಿಂದ ಮಾತ್ರ ಹಾಕಿದ.

ಗೇಟಿನ ಬಳಿಯ ಬೋರ್‌ವೆಲ್ ಹಿಡಿಕೆಯನ್ನು ರೂಪಶ್ರೀ ಒತ್ತುತ್ತಿದ್ದಳು. ದಲಾಲಿ ಅಂಗಡಿಯವರು ಕೈಕಾಲು ತೊಳೆದು ಹೋದರು, ಫಜಲುಲ್ಲಾ ತೊಳೆದು ಹೋದ. ಕೊನೆಗೆ ಬಕ್ಕೇಶ ಬಂದು ಬಗ್ಗಿ ಬಲಮುಷ್ಟಿ ಬಿಚ್ಚಿದ. ಬೆವರಿಗೆ ನೆನೆದು ಮುದ್ದೆಯಾದ ಚೀಟಿಗಳು ಕೆಸರಿಗೆ ಬಿದ್ದವು. ಅಂಗೈ ತುಂಬ ಶಾಯಿಯ ಕಪ್ಪು.

ಅವಳು ಹಿಡಿಕೆ ಒತ್ತಿದಳು. ಒಂದೇ ಬೊಗಸೆ ನೀರಿಗೆ ಅವನ ಕೈ ಬೆಳ್ಳಗಾಯಿತು.