ನಡುಹಗಲ ಬೇಟೆಯ ಬಸಲಿಂಗಪ್ಪ

ಇರುವೆಯ ಸಾಲು ಕಂಡರೆ ಬಸಲಿಂಗಪ್ಪನವರು ದಾಟುತ್ತಿರಲಿಲ್ಲ, ಸುತ್ತಿಕೊಂಡು ಹೋಗುತ್ತಿದ್ದರು. ನಮ್ಮ ಕಡೆಯ ಸಾಧು ಇರುವೆಯಾಗಿದ್ದರೆ ಅದನ್ನೊಂದು ಸಂಸ್ಕಾರವೆಂದು ಬಿಟ್ಟುಬಿಡಬಹುದಿತ್ತು. ಆದರೆ ಅಮೆರಿಕದ ಜಾರ್ಜಿಯಾದ ಕೆಂಪಿರುವೆ ಕಚ್ಚಿತೆಂದರೆ ಕಾಲು ಧಗಧಗ ಉರಿದು ಗುಳ್ಳೆಯೇಳುತ್ತದೆ, ಅಲ್ಲಿನವರು ಅದರ ಗೂಡು ಕಂಡಲ್ಲೆಲ್ಲ ವಿಷದ ಪುಡಿ ಸುರಿದು ಬರುತ್ತಾರೆ. ಅಲ್ಫರೆಟಾದ ಆಫೀಸಿನ ಹುಲ್ಲುಹಾಸಿನ ಮೇಲೆ ಊಟದ ನಂತರ ಅಡ್ಡಾಡುವಾಗ, ಐವತ್ತು ದಾಟಿದ ಆ ನೀಳ ಮನುಷ್ಯ ಕುತ್ತಿಗೆ ಬಗ್ಗಿಸಿ, ಒಂದು ಹೆಜ್ಜೆ ಉದ್ದ ಒಂದು ಹೆಜ್ಜೆ ಗಿಡ್ಡ ಇಡುತ್ತ ನಡೆಯುವುದನ್ನು ಹೊಸಬರು ನೋಡಿದರೆ, ಪಾಪ ಏನೋ ಬೀಳಿಸಿಕೊಂಡು ಹುಡುಕುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು.

ನಂಜನಗೂಡಿನ ಕಡೆಯವರು. ಹಳೆಯ ಕಂಪ್ಯೂಟರುಗಳ ಹಳೆಯ ಪ್ರೋಗ್ರಾಮುಗಳನ್ನು ಎರಡು ಸಾವಿರದ ಇಸವಿಗೆ ಸಜ್ಜುಗೊಳಿಸುವ ಕೆಲಸ. ಮಂಡಿಯವರೆಗೆ ಬರುವ ಕಂದು ಬಣ್ಣದ ಉಣ್ಣೆಯ ಕೋಟೊಂದನ್ನು ಅಕ್ಟೋಬರಿನಲ್ಲಿ ತೊಟ್ಟರೆ ಏಪ್ರಿಲ್ಲಿನಲ್ಲಿ ಬಿಚ್ಚುತ್ತಿದ್ದರು. ಅದರ ಎಡಜೇಬಿನಲ್ಲಿ ಸದಾ ಹುರಿಗಡಲೆ. ಯಾರು ಏನೇ ವಾದಿಸಲಿ, ಕೊನೆಗೆ "ಅದೂ ಸರೀನೇ" ಎನ್ನುವುದು ಅವರ ರೂಢಿ. ವಾದಿಸುವವರು ಇಬ್ಬರಿದ್ದರೆ ಇಬ್ಬರಿಗೂ ಅದೇ ಉತ್ತರ. ಬೆಳಕು ಹರಿಯುವ ಹೊತ್ತಿಗೆ ಒಮ್ಮೆ, ಸೂರ್ಯ ಮುಳುಗುವ ಹೊತ್ತಿಗೆ ಒಮ್ಮೆ, ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಪೂಜೆಗೆ ಕೂತರೆ ಫೋನು ಹೊಡೆದುಕೊಂಡರೂ ಏಳುತ್ತಿರಲಿಲ್ಲ. ಈರುಳ್ಳಿ ಹೆಚ್ಚಿದ ಚಾಕುವಿನಲ್ಲಿ ಹಣ್ಣು ಕತ್ತರಿಸದಷ್ಟು ಮಡಿವಂತಿಕೆಯ ಮನೆ ಅದಲ್ಲ. ಆದರೆ ಮೊಟ್ಟೆ ಹಾಕಿದ ಕೇಕು ಕೂಡ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ.

ಕಮ್ಮಿಂಗ್ ಎಂಬ ಊರಿನ ಅವರ ಮನೆಯ ಕೆಳಮಾಳಿಗೆಯ ಕೋಣೆಯಲ್ಲಿ ಆ ವರ್ಷ, ಅಂದರೆ ತೊಂಬತ್ತೇಳರಲ್ಲಿ, ನೀರಜಾ ಎಂಬ ಹುಡುಗಿ ಬಾಡಿಗೆಗಿದ್ದಳು. ಮೈಸೂರಿನಿಂದ ಬಂದು ಆರು ತಿಂಗಳಾಗಿತ್ತು, ಅದೇ ಆಫೀಸಿನ ಕೆಲಸ, ಇನ್ನೂ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿರಲಿಲ್ಲ. ದಿನವೂ ಬಸಲಿಂಗಪ್ಪನವರ ಕಾರಿನಲ್ಲೇ ಹೋಗಿಬರುತ್ತಿದ್ದಳು. ಅವಳಿಗೆ ಆ ಮನೆಯಲ್ಲಿ ಮೊದಲು ವಿಚಿತ್ರವೆನಿಸಿದ್ದು ಇರುವೆಯಲ್ಲ, ಕಾರು. ಬಸಲಿಂಗಪ್ಪನವರ ಹೆಂಡತಿ ಶೈಲಜಾ ಗಂಡನ ಕಾರಿನಲ್ಲಿ ಕೂರುತ್ತಿರಲಿಲ್ಲ. ಅಂಗಡಿಗಾಗಲಿ ಆಸ್ಪತ್ರೆಗಾಗಲಿ ಎದುರುಮನೆಯ ಶ್ರೀಲತಾಳ ವ್ಯಾನಿನಲ್ಲೇ ಹೋಗುತ್ತಿದ್ದರು. ಕನ್ನಡ ಕೂಟದ ಯುಗಾದಿಗೂ ಹಾಗೆಯೇ: ಮುಂದೆ ವ್ಯಾನಿನಲ್ಲಿ ರೇಷ್ಮೆ ಸೀರೆಯ ಶೈಲಜಾ, ಹಿಂದೆ ತಮ್ಮ ಕಾರಿನಲ್ಲಿ ಒಬ್ಬರೇ ಬಸಲಿಂಗಪ್ಪ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಊರವರು ನಕ್ಕು ಬಿಟ್ಟಿದ್ದರು. ಆದರೆ ಮನೆಯೊಳಗೆ ಜಗಳವೇ ಇರಲಿಲ್ಲ. ಒಬ್ಬರ ತಟ್ಟೆಗೆ ಒಬ್ಬರು ಬಡಿಸಿಕೊಳ್ಳುತ್ತಿದ್ದರು, ಟೀವಿಯ ಮುಂದೆ ಒಂದೇ ಶಾಲು ಹೊದ್ದು ಕೂರುತ್ತಿದ್ದರು. ಪ್ರತಿ ಸಲ ಹೊರಡುವಾಗಲೂ ಬಸಲಿಂಗಪ್ಪನವರು ತಮ್ಮ ಕಾರಿನ ಪಕ್ಕದ ಬಾಗಿಲು ತೆರೆದು ಒಂದು ನಿಮಿಷ ನಿಲ್ಲುವರು. ಶೈಲಜಾ ತಲೆ ತಗ್ಗಿಸಿಕೊಂಡು ವ್ಯಾನಿನ ಕಡೆಗೆ ನಡೆಯುವರು. ಅವರು ಬಾಗಿಲು ಮುಚ್ಚುವರು.

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಹತ್ತೂವರೆಗೆ ನೀರಜಾ ಬಟ್ಟೆ ಒಗೆಯಲು ಗ್ಯಾರೇಜಿಗೆ ಬಂದಳು. ಬಸಲಿಂಗಪ್ಪನವರು ಆ ಕಂದು ಕೋಟಿನ ಮೇಲೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ತೊಟ್ಟು, ಉದ್ದನೆಯ ರೈಫಲ್ಲೊಂದನ್ನು ಹಳೆಯ ಪಂಚೆಯ ಚೂರಿನಿಂದ ಒರೆಸುತ್ತಿದ್ದರು. ಅವಳ ಕೈಯ ಬುಟ್ಟಿ ಜಾರಿ ಬಟ್ಟೆಯೆಲ್ಲ ನೆಲಕ್ಕೆ ಚೆಲ್ಲಿತು.

"ಅಂಕಲ್, ಏನಿದು?"

"ಕೋವಿ ಕಣಮ್ಮ. ಜಿಂಕೆ ಹೊಡಿಯಕ್ಕೆ ಹೋಗ್ತಿದ್ದೀನಿ."

ತಮಾಷೆಯೆಂದುಕೊಂಡು ಅವಳು ನಕ್ಕಳು. ಅವರು ನಗಲಿಲ್ಲ. ಹೇಳೋದು ವೇದ, ಹಾಕೋದು ಗಾಳ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ವಯಸ್ಸಿಗೆ ಮರ್ಯಾದೆ ಕೊಟ್ಟು ನುಂಗಿಕೊಂಡಳು. ಆದರೆ ನೀರಜಾ ಕೇಳಿ ಸುಮ್ಮನಾಗುವ ಜಾತಿಯವಳಲ್ಲ. ನೋಡದೆ ನಂಬುವುದಿಲ್ಲ, ನಾನೂ ಬರುತ್ತೇನೆ ಎಂದಳು. "ಅದೂ ಸರೀನೇ" ಎಂದು ಬಸಲಿಂಗಪ್ಪನವರು, ಬೇರೆ ಬೇಟೆಗಾರರು ಜಿಂಕೆಯೆಂದು ಹೊಡೆಯದಿರಲೆಂದು, ಇನ್ನೊಂದು ಕಿತ್ತಳೆ ಅಂಗಿ ತೆಗೆದುಕೊಟ್ಟರು. ಅಡುಗೆಮನೆಯ ಕಿಟಕಿಯಲ್ಲಿ ಶೈಲಜಾ ನಿಂತಿದ್ದರು. ಕಾರು ಹೊರಟ ಕೂಡಲೇ ಪರದೆ ಎಳೆದುಕೊಂಡರು.

ಹೋದದ್ದು ಊರಾಚೆ ಡಾಯ್ಲ್ ಎಂಬ ಮುದುಕನ ಕಾಡುಜಮೀನಿಗೆ. ಹನ್ನೊಂದರ ಸುಮಾರಿಗೆ ಎದುರಿನಿಂದ ಬೇಟೆಗಾರರ ಪಿಕಪ್ ಟ್ರಕ್ಕುಗಳು ಒಂದೊಂದಾಗಿ ವಾಪಸು ಬರುತ್ತಿದ್ದವು. ಜಿಂಕೆ ಓಡಾಡುವುದು ಮುಂಜಾವದಲ್ಲಿ, ಮುಸ್ಸಂಜೆಯಲ್ಲಿ. ನಡುಹಗಲು ಬೇಟೆಗಾರನಿಗೆ ಊಟದ ಹೊತ್ತು. ಎಲ್ಲರೂ ಬರುವಾಗ ಇವರು ಹೋಗುವುದನ್ನು ಕಂಡು ಟ್ರಕ್ಕಿನವರು ಕೈಬೀಸಿ ನಗುತ್ತಿದ್ದರು.

"ನೀವ್ಯಾಕಂಕಲ್ ಮಧ್ಯಾಹ್ನ?"

"ಬೆಳಿಗ್ಗೆ, ಸಾಯಂಕಾಲ ಪೂಜೆ ಹೊತ್ತಲ್ವೇನಮ್ಮ. ಆ ಹೊತ್ತನ್ನ ಇದಕ್ಕೆ ಕೊಡಕ್ಕಾಗುತ್ತಾ? ಉಳಿಯೋದು ಇಷ್ಟೇ." ಸ್ವಲ್ಪ ದೂರ ಹೋದ ಮೇಲೆ ತಾವೇ ಮುಂದುವರಿಸಿದರು. "ಇವರೆಲ್ಲಾ ಊಟಕ್ಕೆ ಎದ್ದು ಗದ್ದಲ ಮಾಡ್ಕೊಂಡು ಹೋಗ್ತಾರೆ ನೋಡು, ಆಗ ಮಲಗಿರೋ ಜಿಂಕೆ ಏಳ್ತವೆ. ಈ ತಿಂಗಳು ಗಂಡು ಜಿಂಕೆಗೆ ಹೆಣ್ಣಿನ ಹುಚ್ಚು ಬೇರೆ. ಹಗಲು ಅನ್ನಲ್ಲ, ರಾತ್ರಿ ಅನ್ನಲ್ಲ, ರಸ್ತೆ ಅನ್ನಲ್ಲ, ಓಡ್ತಾ ಇರುತ್ತೆ."

ಓಕ್ ಮರವೊಂದಕ್ಕೆ ಒರಗಿ ಇಬ್ಬರೂ ನೆಲದ ಮೇಲೆ ಕೂತರು. ಕೂರುವ ಮುನ್ನ ಅವರು ಒಣಗಿದೆಲೆಗಳನ್ನು ಕೈಯಿಂದ ಸರಿಸಿ ಇರುವೆ ಇದೆಯೇ ಎಂದು ನೋಡಿದರು. ನೀರಜಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೋಟಿನ ಗುಂಡಿಯ ಸಂದಿನಲ್ಲಿ ಲಿಂಗದ ಬೆಳ್ಳಿ ಕರಡಿಗೆ ಕಂಡಿತು.

"ಎದೆ ಮೇಲೆ ಲಿಂಗ ಇಟ್ಕೊಂಡೇ ಹೊಡೀತೀರಾ?" ಎಂದು ಪಿಸುಗುಟ್ಟಿದಳು.

"ತೆಗ್ದಿಟ್ಟು ಬಂದ್ರೆ ಅವನಿಗೆ ಮೋಸ ಮಾಡ್ದಂಗಾಗುತ್ತೆ. ನೋಡ್ಲಿ ಅವನೂ."

ಕೊಂಬಿನ ಜಿಂಕೆ ಬಂದದ್ದು ನೆತ್ತಿಯ ಬಿಸಿಲಿನಲ್ಲಿ. ಅಡಗಿ ಬರಲಿಲ್ಲ, ಹೆದರಿ ಬರಲಿಲ್ಲ. ಮನೆಯ ಅಂಗಳದಲ್ಲಿ ನಡೆದಂತೆ ಬಂದು, ಮೂಗು ಮೇಲೆತ್ತಿ ನಿಂತಿತು. ಅಷ್ಟು ಬೆಳಕಿನಲ್ಲಿ ಅದರ ಕಣ್ಣಿನ ರೆಪ್ಪೆ ಕೂಡ ಕಾಣುತ್ತಿತ್ತು. ನೀರಜಾ ಜಿಂಕೆಯನ್ನು ಬಿಟ್ಟು ಬಸಲಿಂಗಪ್ಪನವರ ಕೈಯನ್ನು ನೋಡಿದಳು. ಚೂರೂ ಅಲುಗದ ಕೈ. ಕಾಡು ಬಿರಿಯುವಂತೆ ಸದ್ದಾಯಿತು, ಜಿಂಕೆ ಎರಡು ಜಿಗಿತ ಜಿಗಿದು ಕಾಲು ಮಡಿಸಿಕೊಂಡು ಬಿತ್ತು. ಅವಳು ಕೂಗಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಅವರು ಅದರ ಬಳಿಗೆ ಹೋಗಿ ಮಂಡಿಯೂರಿ, ಬಿಸಿಯಾರುವ ತನಕ ಹೊಟ್ಟೆಯ ಮೇಲೆ ಅಂಗೈಯಿಟ್ಟು ಕೂತರು. ಮಾಂಸವನ್ನು ಡಾಯ್ಲ್ ತೆಗೆದುಕೊಂಡ. ಇವರು ಒಂದು ಕೂದಲನ್ನೂ ಮನೆಗೆ ತರಲಿಲ್ಲ, ತೊರೆಯಲ್ಲಿ ಮೊಣಕೈವರೆಗೆ ತೊಳೆದುಕೊಂಡು, ಸಂಜೆಯ ಪೂಜೆಗೆ ಸಮಯಕ್ಕೆ ಸರಿಯಾಗಿ ಬಂದರು.

ಮರುದಿನ ಶೈಲಜಾ ತಾವಾಗಿಯೇ ಕೆಳಮಾಳಿಗೆಗೆ ಇಳಿದು ಬಂದು ನೀರಜಾಳ ಹಾಸಿಗೆಯಂಚಿನಲ್ಲಿ ಕೂತರು.

"ನಮಗೊಬ್ಬಳು ಮಗಳಿದ್ಲು ಕಣೆ, ನೀಲಾ ಅಂತ. ಒಂಬತ್ತು ವರ್ಷ."

ತೊಂಬತ್ತೊಂದರಲ್ಲಿ ಡಾಯ್ಲ್‌ನ ಜಮೀನಿನ ಮುಂದಿನ ರಸ್ತೆಯಲ್ಲಿ ಅವರ ಕಾರಿಗೆ ಒಂದು ಜಿಂಕೆ ಅಡ್ಡ ಬಂದಿತು. ಇರುವೆಯನ್ನು ತುಳಿಯದ ಮನುಷ್ಯ, ಅದನ್ನು ಉಳಿಸಲು ಸ್ಟಿಯರಿಂಗನ್ನು ತಿರುಗಿಸಿದರು. ಕಾರು ಮರಕ್ಕೆ ಹೊಡೆಯಿತು. ನೀಲಾ ಕೂತಿದ್ದ ಕಡೆಯೇ ಹೊಡೆಯಿತು. ಜಿಂಕೆ ರಸ್ತೆಯಾಚೆ ನಿಂತು ಸ್ವಲ್ಪ ಹೊತ್ತು ನೋಡಿ ಕಾಡಿಗೆ ಹೋಯಿತು. ಸದ್ದಿಗೆ ಓಡಿಬಂದ ಡಾಯ್ಲ್, ಕೆಟ್ಟ ಮನಸ್ಸಿನಿಂದಲ್ಲ, ಅಳುತ್ತಲೇ, ಜಿಂಕೆಗೋಸ್ಕರ ಯಾರೂ ಕಾರು ತಿರುಗಿಸಬಾರದು, ನೆಟ್ಟಗೆ ಹಿಡಿದುಕೊಂಡು ಗುದ್ದಿಬಿಡಬೇಕು, ಇಲ್ಲಿ ಮಕ್ಕಳಿಗೂ ಅದು ಗೊತ್ತು ಎಂದನಂತೆ. ಬಸಲಿಂಗಪ್ಪನವರ ಬದುಕಿನ ಉಳಿದ ಭಾಗ ಆ ಒಂದು ಮಾತಿನ ಮೇಲೆ ನಿಂತುಬಿಟ್ಟಿತು.

"ಆಮೇಲೂ ನಾನು ಅವರ ಪಕ್ಕ ಕೂತ್ಕೊಂಡು ಓಡಾಡ್ತಿದ್ದೆ," ಎಂದರು ಶೈಲಜಾ. "ಸ್ಟಿಯರಿಂಗ್ ಮೇಲೆ ಕೈ ಗಡಗಡ ನಡುಗೋದು. ಫೋರ್ ಹಂಡ್ರೆಡ್ ಹೈವೇನಲ್ಲಿ ಎತ್ತಿನಗಾಡಿ ಥರ ಡ್ರೈವ್ ಮಾಡೋರು, ಹಿಂದಿನೋರೆಲ್ಲಾ ಬೈಯೋರು. ನಾನು ಒಂದು ದಿನ ಒಂದು ಮಾತು ಅಂದಿಲ್ಲ. ಜೀವ ಕಂಡು ಕೈ ತಿರುಗ್ತು, ಅದು ತಪ್ಪಾ? ಮಾರನೇ ವರ್ಷ ಕೋವಿ ತಂದ್ರು. ಕೈಗೆ ಅಭ್ಯಾಸ ಮಾಡಿಸ್ಬೇಕಂತೆ, ಜಿಂಕೆ ಕಂಡ್ರೆ ನಡುಗ್ಬಾರ್ದಂತೆ. ಮೊದಲನೇದನ್ನ ಹೊಡ್ಕೊಂಡು ಬಂದ ದಿನ ಕೈ ನೋಡ್ದೆ ನಾನು. ಕಲ್ಲು. ಅವತ್ತಿಂದ ಕೂರಕ್ಕಾಗಿಲ್ಲ."

"ಅವರಿಗೆ ಹೇಳಿದ್ದೀರಾ ಆಂಟಿ?"

"ಏನಂತ ಹೇಳಲಿ? ನನಗೋಸ್ಕರಾನೇ ಮಾಡ್ತಿದ್ದಾರೆ."

ನೀರಜಾಗೆ ಆಗ ಅರ್ಥವಾಯಿತು. ಹೆಂಡತಿಗೆ ತನ್ನ ಡ್ರೈವಿಂಗಿನ ಭಯವಿನ್ನೂ ಹೋಗಿಲ್ಲವೆಂದುಕೊಂಡು ಆ ಮನುಷ್ಯ ವರ್ಷ ವರ್ಷವೂ ಕೈಯನ್ನು ಇನ್ನಷ್ಟು ಗಟ್ಟಿ ಮಾಡಿಕೊಳ್ಳುತ್ತಿದ್ದರು. ಗಟ್ಟಿಯಾದಷ್ಟೂ ಆಕೆ ದೂರವಾಗುತ್ತಿದ್ದರು. ಅವರಿಗೆ ಬೇಕಾಗಿದ್ದುದು ಒಂದೇ, ಆಕೆ ಮತ್ತೆ ಆ ಸೀಟಿನಲ್ಲಿ ಕೂರುವುದು. ಆ ಸೀಟಿನಲ್ಲಿ ದಿನವೂ ಕೂತು ಹೋಗುತ್ತಿದ್ದವಳು ತಾನು ಎಂಬುದು ಅವಳಿಗೆ ನೆನಪಾಯಿತು.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ ಆಫೀಸು ಮಧ್ಯಾಹ್ನಕ್ಕೇ ಬಿಟ್ಟಿತು. ಹೆದ್ದಾರಿ ಬಿಟ್ಟು ಮನೆಯ ಕಡೆಯ ರಸ್ತೆಗೆ ತಿರುಗಿದ್ದರಷ್ಟೆ. ಬಿಸಿಲು ಚೆನ್ನಾಗಿತ್ತು. ಬಲಗಡೆಯ ಪೊದೆಯಿಂದ ಗಂಡು ಜಿಂಕೆಯೊಂದು ಹಾರಿ ರಸ್ತೆಯ ನಟ್ಟನಡುವೆ ಬಂದಿತು. ಎಡಕ್ಕೆ ಹಳ್ಳ, ಬಲಕ್ಕೆ ಸಾಲುಮರ. "ಅಂಕಲ್!" ಎಂದು ಚೀರಿದ ನೀರಜಾ, ಅವರ ತೋಳನ್ನು ಹಿಡಿದು ತಿರುಗಿಸಲು ಎಳೆದಳು. ಹೌದು, ಎಳೆದಳು. ಯಾರ ಕೈಯಾದರೂ ಅದನ್ನೇ ಮಾಡುತ್ತಿತ್ತು. ಆ ತೋಳು ಕದಲಲಿಲ್ಲ. ಬ್ರೇಕು ಕಿರುಚಿತು, ಕಾರು ಗೆರೆ ಎಳೆದಂತೆ ನೆಟ್ಟಗೆ ಹೋಗಿ ಜಿಂಕೆಗೆ ಗುದ್ದಿ ನಿಂತಿತು.

ಒಂದು ದೀಪ ಒಡೆದಿತ್ತು, ಮುಂಭಾಗ ನುಗ್ಗಾಗಿತ್ತು. ನೀರಜಾಳ ಮೈಮೇಲೆ ಒಂದು ಗೀರಿಲ್ಲ. ಜಿಂಕೆ ಆಗಲೇ ಸತ್ತಿತ್ತು. ಬಸಲಿಂಗಪ್ಪನವರು ಕೆಳಗಿಳಿದು, ಅದನ್ನು ನೋಡಿ, ರಸ್ತೆಯ ಪಕ್ಕದ ಹುಲ್ಲಿನ ಮೇಲೆ ಧಪ್ಪನೆ ಕೂತರು. ಇಷ್ಟು ವರ್ಷ ಕಾದ ಗಳಿಗೆ, ಕೈ ಪರೀಕ್ಷೆಯಲ್ಲಿ ಪಾಸಾಗಿತ್ತು. ಆದರೆ ಅವರ ಮುಖ ಸಾವಿನ ಸುದ್ದಿ ಕೇಳಿದವರ ಮುಖದಂತಿತ್ತು.

"ತಿರುಗ್ಲಿಲ್ಲ ನೀರಜಾ," ಎಂದರು. "ನೋಡ್ದ್ಯಾ, ತಿರುಗ್ಲೇ ಇಲ್ಲ. ಇಷ್ಟೇನಾ? ಇಷ್ಟು ಸುಲಭಾನಾ? ಇದೇ ಕೈ ಅವತ್ತು ಇದ್ದಿದ್ರೆ…" ಮಂಡಿಯ ಮೇಲಿದ್ದ ಎರಡು ಕೈಯೂ ನಡುಗತೊಡಗಿದವು. ಕೈಯಿಂದ ಭುಜಕ್ಕೆ, ಭುಜದಿಂದ ಗದ್ದಕ್ಕೆ, ಆ ನೀಳ ಮೈಯೆಲ್ಲ ನಡುಗಿತು.

ಹಿಂದಿನ ಕಾರಿನ ಹೆಂಗಸೊಬ್ಬಳು ತನ್ನ ಫೋನಿನಿಂದ ಮನೆಗೆ ಸುದ್ದಿ ಮುಟ್ಟಿಸಿದಳು. ಶ್ರೀಲತಾಳ ವ್ಯಾನಿನಿಂದ ಶೈಲಜಾ ಬರಿಗಾಲಲ್ಲೇ ಇಳಿದು ಬಂದರು. ಮೊದಲು ನೀರಜಾಳ ತಲೆ, ತೋಳು, ಬೆನ್ನು, ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಜಿಂಕೆಯನ್ನು ನೋಡಿದರು, ನೆಟ್ಟಗೆ ಎಳೆದಿದ್ದ ಟಯರಿನ ಕಪ್ಪು ಗುರುತನ್ನು ನೋಡಿದರು, ಗಂಡನನ್ನು ಬಹಳ ಹೊತ್ತು ನೋಡಿದರು. ಕಾರಿನ ಬಳಿಗೆ ಹೋಗಿ, ಪಕ್ಕದ ಬಾಗಿಲು ತಾವೇ ತೆಗೆದು ಕೂತರು.

"ಬನ್ನಿ ರೀ. ಮನೆಗೆ ಹೋಗಣ."

"ಆಗಲ್ಲ ಶೈಲೂ. ಕೈ ನಡುಗ್ತಿದೆ."

"ನಡುಗಲಿ. ನಡುಗೋ ಕೈಯಾದ್ರೆ ನಾನು ಕೂತ್ಕೋತೀನಿ."

ಒಂದೇ ದೀಪದ ಆ ಕಾರು ಎತ್ತಿನಗಾಡಿಯಂತೆ ಮೆಲ್ಲಗೆ ಹೊರಟಿತು. ನೀರಜಾ ವ್ಯಾನಿನಲ್ಲಿ ಹಿಂದೆ ಹೋದಳು. ದಾರಿಯುದ್ದಕ್ಕೂ ಮುಂದಿನ ಕಾರನ್ನೇ ನೋಡುತ್ತ ಅತ್ತಳು.

ದಯೆಯಿಂದಲೇ ಮನೆ ಹಾಳಾದವರು ಲೋಕದಲ್ಲಿ ಅಲ್ಲಲ್ಲಿ ಒಬ್ಬೊಬ್ಬರು ಇರುತ್ತಾರೆ. ಅವರಲ್ಲಿ ಹೆಚ್ಚಿನವರು ದಯೆಯನ್ನೇ ಶಪಿಸಿ ಕಲ್ಲಾಗಿಬಿಡುತ್ತಾರೆ; ಬಸಲಿಂಗಪ್ಪನವರಂಥ ಕೆಲವರು ಮಾತ್ರ, ಕಲ್ಲಾಗುವುದನ್ನೂ ಒಂದು ವ್ರತದಂತೆ ಹಿಡಿದು, ದೇವರೆದುರಿಗೇ ಹಾಡುಹಗಲಿನಲ್ಲಿ ಪಾಪ ಮಾಡಿ, ಅದರ ಫಲವನ್ನು ಇನ್ನೊಬ್ಬರಿಗೆ ಕೊಟ್ಟು ತಾವು ಹುಲ್ಲಿನ ಮೇಲೆ ಕೂತು ನಡುಗುತ್ತಾರೆ. ಅವರನ್ನು ಕಂಡು ಛೀ ಎನ್ನುವುದು ನಮಗೆ ಸುಲಭ. ನಮಗೆ ಶುದ್ಧವಾದ ಕೈಯೂ ಬೇಕು, ಸುಖವಾದ ಪ್ರಯಾಣವೂ ಬೇಕು. ಎರಡೂ ಒಟ್ಟಿಗೆ ಸಿಕ್ಕಿದೆ ಎಂದು ಯಾರಿಗಾದರೂ ಅನ್ನಿಸಿದರೆ, ಪಕ್ಕದಲ್ಲಿ ಕೂತು ಗಾಡಿ ಓಡಿಸುತ್ತಿರುವವರ ಮುಖವನ್ನು ಒಮ್ಮೆ ತಿರುಗಿ ನೋಡಬೇಕು.