ಅರ್ಧ ಗರಿ

ಮಲ್ಲಿಗೆ ದಾಟಿದ ಸೂಜಿ ವಾರ್ತಿನಿಯ ಹೆಬ್ಬೆರಳಿಗೆ ಹೊಕ್ಕಿತು. ಅವಳು ಬೆರಳು ಚೀಪಿಕೊಂಡು ಮತ್ತೆ ಅಂಗಳದ ಕಡೆಗೇ ನೋಡಿದಳು. ಅಲ್ಲಿ ಪಕ್ಕದ ಮನೆಯ ಪರ್ಜಾನ್, ಬಂದವರಿಗೆ ಕೂರಲು ಬೆಂಚು ಜೋಡಿಸುತ್ತಿದ್ದ. ಅವಳ ಸೊಂಟದ ಮಡಿಲಲ್ಲಿ ಅಪ್ಪ ಕೊಟ್ಟ ಗರಿ ಇತ್ತು. ಇದು ನಡೆದ ಕತೆ. ಇದರಲ್ಲಿ ಸುಳ್ಳು ಅಂತ ಏನಾದರೂ ಇದ್ದರೆ ಅದು ಗರಿ ಮಾತ್ರ.

ಅಪ್ಪ ತುಕಿಯಾತ್ ಬೆಳಗಿನ ನಮಾಜಿನ ಹೊತ್ತಿಗೆ ಹೋಗಿದ್ದ. ಐವತ್ತು ವರ್ಷ ತೊಗಲುಗೊಂಬೆ ಕೆತ್ತಿದವನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನಡುಮನೆಯಲ್ಲಿ ಮಲಗಿಸಿದ್ದರು. ಮಧ್ಯಾಹ್ನಕ್ಕೆ ಎತ್ತುವುದೆಂದು ಆಗಿತ್ತು.

"ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ನನ್ನ ಅಳು ಅಣಕಿಸಿ ತೋರಿಸ್ತಿದ್ದ," ಎಂದಳು ಜೊತೆಗೆ ಹೂ ಪೋಣಿಸುತ್ತಿದ್ದ ಗಿನೆಮ್. "ನನ್ನ ಗಂಡ ಸತ್ತಾಗ ಹಂಗೇ ಮಾಡಿದ್ದ. ಅಳ್ತಾ ಅಳ್ತಾ ನಕ್ಕುಬಿಟ್ಟೆ. ಗಂಡನ ಮೇಲೆ ಪ್ರೀತಿನೇ ಇರ್ಲಿಲ್ಲ ಅಂದ್ಕೊಂಡ್ರು ಊರೋರು."

"ಇತ್ತಾ, ಅಕ್ಕಾ?" ಎಂದಳು ಇನ್ನೊಬ್ಬಳು.

"ಮದುವೆ ಆದ್ಮೇಲೆ ಒಂದೆರಡು ವಾರ ಇತ್ತು."

ವಾರ್ತಿನಿಗೆ ನಗು ಬರಲಿಲ್ಲ. ನಿನ್ನೆ ಸಂಜೆ ಅಪ್ಪ ಎರಡು ಗುಟ್ಟು ಬಿಚ್ಚಿಟ್ಟು, ಗರಿಯನ್ನು ಅವಳ ಕೈಗೆ ತುರುಕಿ ಹೇಳಿದ್ದ: "ನಾನು ಅಂಗಳ ದಾಟೋ ಮುಂಚೆ ಪರ್ಜಾನ್‌ಗೆ ಹೇಳ್ಬಿಡು. ಎರಡೂ ಹೇಳು. ನಂಗೆ ಬಾಯಿ ಬರ್ಲಿಲ್ಲ." ಊರ ಯಜಮಾನ ಲುರಾಹನಿಂದ ಹಿಡಿದು ಕಪ್ಪೆಯವರೆಗೆ ಎಲ್ಲರ ದನಿಯೂ ಬರುತ್ತಿದ್ದ ಬಾಯಿಗೆ ಆ ಎರಡು ಮಾತು ಬಂದಿರಲಿಲ್ಲ.

ಹೂ ಬದಿಗಿಟ್ಟು ಅವಳು ಅಂಗಳಕ್ಕಿಳಿದಳು.

"ಲಿಕ್ ಪರ್ಜಾನ್, ಒಂದು ಮಾತಿತ್ತು." ಚಿಕ್ಕಂದಿನಿಂದ ಅವನು ಅವಳಿಗೆ ಲಿಕ್, ಅಂದರೆ ಚಿಕ್ಕಪ್ಪ.

"ಆಮೇಲೆ ಹೇಳು ಮಗಳೇ. ಜನಾಜಾಕ್ಕೆ ಹಿಡಿಯೋ ಛತ್ರಿದು ಒಂದು ಕಡ್ಡಿ ಮುರ್ದಿದೆ. ಅದರ ಕೆಳಗೆ ಹೋದ್ರೆ ನಿಮ್ಮಪ್ಪ ಮೇಲಿಂದನೇ ನಗ್ತಾನೆ." ಅವನು ಹೆಗಲ ಬಟ್ಟೆಯಿಂದ ಬೆವರು ಒರೆಸಿಕೊಂಡ. "ಮುಂದಿನ ವಾರ ನಿಮ್ಮ ಚಿಕ್ಕಮ್ಮ ಸರಿಂತೆನ್ ತೀರಿಕೊಂಡ ದಿನ. ಈ ಸಲದ ಗರಿ ಬಂದ್ರೆ ನಿಮ್ಮಪ್ಪನ ಗೋರಿ ಮೇಲಿಡ್ತೀನಿ. ಅವನಿಗೂ ಆ ಹಕ್ಕಿ ಅಂದ್ರೆ ಆಸೆ ಇತ್ತು."

ವಾರ್ತಿನಿ ಮಡಿಲ ಗರಿಯನ್ನು ಒತ್ತಿ ಹಿಡಿದಳು. ಹೇಳಿದರೆ ಈ ಮುದುಕನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹೇಳದಿದ್ದರೆ ಅಪ್ಪ ಕ್ಷಮೆಯಿಲ್ಲದೆ ಮಣ್ಣಿಗಿಳಿಯುತ್ತಾನೆ.

* * *

ಪರ್ಜಾನನ ಹೆಂಡತಿ ಸರಿಂತೆನ್ ಒಂದು ಬೆಳವದ ಹಕ್ಕಿ ಸಾಕಿದ್ದಳು. ಬೆಳಿಗ್ಗೆ ಹಗ್ಗ ಎಳೆದು ಪಂಜರವನ್ನು ಬಿದಿರ ಕಂಬದ ತುದಿಗೆ ಏರಿಸುವುದು, ಬಿಸಿಲೇರಿದ ಮೇಲೆ ಇಳಿಸುವುದು ಅವಳ ಕೆಲಸ. ಅವಳು ತೀರಿಕೊಂಡ ನಲವತ್ತನೆಯ ದಿನ ಪರ್ಜಾನ್ ಊಟದ ಓಡಾಟದಲ್ಲಿದ್ದಾಗ, ತುಕಿಯಾತ್ ಇಳಿಸಿಟ್ಟ ಪಂಜರದ ಮುಂದೆ ಕೂತು ಹಕ್ಕಿಯ ದನಿ ತೆಗೆದ. ಹಕ್ಕಿ ಮರುದನಿ ಕೊಟ್ಟಿತು. ತುಕಿಯಾತನಿಗೆ ಹುಮ್ಮಸ್ಸು ಏರಿತು. ಇನ್ನೂ ಹತ್ತಿರದಿಂದ ಕೂಗೋಣವೆಂದು ಕೊಂಡಿ ತೆಗೆದು ಮುಖವನ್ನು ಬಾಗಿಲಿಗೆ ತಂದ. ಹಕ್ಕಿ ಅವನ ಕಿವಿ ಸವರಿಕೊಂಡು ಹಾರಿಹೋಯಿತು.

ಬಾಗಿಲನ್ನು ಹಾಗೆಯೇ ಬಿಟ್ಟು ಅವನು ಮನೆಗೆ ಬಂದ.

ಸಂಜೆ ಪರ್ಜಾನ್ ತುಕಿಯಾತನೆದುರು ಹಣೆ ಚಚ್ಚಿಕೊಳ್ಳುತ್ತಿದ್ದ; ಅವನಿಗೆ ತುಕಿಯಾತ್ ಕಾಂಗ್, ಅಂದರೆ ಅಣ್ಣ. "ನೀರಿಟ್ಟೋನು ಕೊಂಡಿ ಹಾಕೋದು ಮರ್ತೆ, ಕಾಂಗ್. ಅವಳು ಬಿಟ್ಟುಹೋಗಿದ್ದು ಅದೊಂದೇ ಜೀವ. ನನ್ನ ಕೈಯಾರೆ ಕಳ್ದೆ."

"ಬಿಡು, ಯಾರಿಗಾದ್ರೂ ಆಗುತ್ತೆ," ಎಂದ ತುಕಿಯಾತ್.

ಸರಿಂತೆನ್ ಸತ್ತು ವರ್ಷ ತುಂಬಿದ ದಿನ ಅವನು ಗರಿ ಕೆತ್ತಿದ. ಗೊಂಬೆಯ ಗರುಡನಿಗೆ ಸಾವಿರಾರು ಗರಿ ಕೆತ್ತಿದ ಕೈ ಅದು. ಆದರೆ ಅವು ಚಿತ್ತಾರದ ಗರಿಗಳು, ಒಂದರ ಅಚ್ಚು ಇನ್ನೊಂದು. ಇದು ಬೇರೆ. ಕೋಣದ ತೊಗಲನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹೆರೆದ. ನಡುವಿನ ದಂಟಿಗೆ ಮಾತ್ರ ದಪ್ಪ ಬಿಟ್ಟ. ಅತಿ ಸಣ್ಣ ಉಳಿಯಲ್ಲಿ ಕೂದಲೆಳೆಯಂಥ ಸೀಳು ತೆಗೆದ, ಒದ್ದೆ ಮಾಡಿ ಬೆರಳ ಮೇಲೆ ಬಾಗಿಸಿದ, ಮಸಿ ಬಳಿದು ತುದಿಗೆ ಬಿಳಿ ಮುಟ್ಟಿಸಿದ. ಕೊನೆಗೆ ಎರಡು ಕಡೆ ಎಳೆ ಬಿಡಿಸಿ ಕೆಡಿಸಿದ. ಉದುರುವ ಗರಿ ಹೊಸದಾಗಿ ಇರುವುದಿಲ್ಲವಲ್ಲ. ಹಕ್ಕಿ ಮರಳೀತೆಂದು ಪರ್ಜಾನ್ ಬಾಗಿಲು ತೆರೆದೇ ಇಟ್ಟಿದ್ದ ಪಂಜರದಲ್ಲಿ ಅದನ್ನು ಹಾಕಿ ಬಂದ. ಸಂಜೆ ನಿಜ ಹೇಳಿ ನಗಿಸೋಣ, ನಗುವಿನ ಬಾಲಕ್ಕೆ ಕೊಂಡಿಯ ಮಾತನ್ನೂ ಕಟ್ಟಿಬಿಡೋಣ ಎಂಬ ಲೆಕ್ಕ.

ಸಂಜೆಯೊಳಗೆ ಪರ್ಜಾನ್ ಗರಿ ಹಿಡಿದು ಊರೆಲ್ಲ ಸುತ್ತಿ ಬಂದಿದ್ದ. "ಹಕ್ಕಿ ಬಂದು ಹೋಗಿದೆ. ಅವಳೇ ಕಳ್ಸಿದ್ದು," ಎನ್ನುತ್ತಿದ್ದವನ ಕಣ್ಣು ನೋಡಿ ತುಕಿಯಾತ್ ಎರಡು ಮಾತನ್ನೂ ಹೊತ್ತುಕೊಂಡೇ ಮನೆಗೆ ಮರಳಿದ.

ಮರುವರ್ಷ ಗರಿ ಬಾರದಿದ್ದರೆ ಹೇಗೆ? ಹೀಗೆ ಹದಿನೆಂಟು ವರ್ಷ. ಒಮ್ಮೆ ಪರ್ಜಾನ್ ಬಂದು, "ಕಾಂಗ್, ಈ ಸಲದ ಗರಿ ಯಾಕೋ ಮಂಕು. ಹಕ್ಕಿಗೆ ಹುಷಾರಿಲ್ವೇನೋ," ಎಂದ. ಮುಂದಿನ ಸಲಕ್ಕೆ ಅಪ್ಪ ನಾಲ್ಕು ತುಂಡು ತೊಗಲು ಹಾಳುಮಾಡಿದ್ದು ವಾರ್ತಿನಿಗೆ ನೆನಪಿದೆ. ಯಾವುದೋ ದೊಡ್ಡ ದಳವಾಯಿಯ ಗೊಂಬೆ ಇರಬೇಕು ಎಂದುಕೊಂಡಿದ್ದಳು.

* * *

ಜನಾಜಾವನ್ನು ಅಂಗಳಕ್ಕೆ ತಂದಿಟ್ಟರು. ಮುರಿದ ಕಡ್ಡಿಗೆ ದಾರ ಸುತ್ತಿದ ಛತ್ರಿ ಹಿಡಿದು ಪರ್ಜಾನ್ ತಲೆಯ ಕಡೆ ನಿಂತ. ಮೌಲ್ವಿ ರೋಫಿಕ್ ಗಂಟಲು ಸರಿಮಾಡಿಕೊಂಡ.

"ತುಕಿಯಾತ್ ಅವರಿಂದ ಯಾರಿಗಾದ್ರೂ ತಪ್ಪಾಗಿದ್ರೆ ಮನೆಯೋರ ಪರವಾಗಿ ಕ್ಷಮೆ ಕೇಳ್ತೀನಿ. ನೀವೇ ಸಾಕ್ಷಿ. ಇವರು ಒಳ್ಳೆಯವರಾ?"

"ಒಳ್ಳೆಯವರು," ಎಂದಿತು ಅಂಗಳ. ಮೂರು ಸಲ ಕೇಳುವುದು ರೂಢಿ.

"ಇವರು ಒಳ್ಳೆಯವರಾ?"

ಜನ ಬಾಯಿ ತೆರೆಯುವ ಮೊದಲೇ ವಾರ್ತಿನಿ ಮುಂದೆ ಬಂದಳು. "ಸ್ವಲ್ಪ ನಿಲ್ಲಿ. ಲಿಕ್ ಪರ್ಜಾನ್ ಇನ್ನೂ ಹೇಳ್ಬಾರ್ದು." ಮಡಿಲಿಂದ ಗರಿ ತೆಗೆದು ಅವನ ಕೈಗಿಟ್ಟಳು. ಒಂದು ಮಗ್ಗುಲು ಬೆಳವದ ಬಾಲದ ಗರಿಯೇ. ಇನ್ನೊಂದು ಮಗ್ಗುಲು ಉಳಿ ಮುಟ್ಟದ ಬರೀ ತೊಗಲು. "ಅಷ್ಟು ವರ್ಷನೂ ಅಪ್ಪನೇ ಕೆತ್ತಿ ಇಡ್ತಿದ್ದಿದ್ದು."

ಗಿನೆಮ್ ಬಾಯಿಗೆ ಸೆರಗು ಒತ್ತಿಕೊಂಡಳು. ಪರ್ಜಾನ್ ಗರಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಗೊತ್ತು," ಎಂದ.

"ಗೊತ್ತಾ?"

"ಭೂಕಂಪದಲ್ಲಿ ಮನೆ ಬಿತ್ತಲ್ಲ. ಗರಿಗಳೆಲ್ಲ ಮಳೇಲಿ ನೆನೆದ್ವು. ಹಕ್ಕಿ ಗರಿ ನೆನೆದ್ರೆ ಒಣಗುತ್ತೆ. ಇವು ಊದ್ಕೊಂಡು ಕೋಣದ ಕೊಟ್ಟಿಗೆ ಥರ ನಾರ್ತಿದ್ವು. ಸರಿಂತೆನ್ ಯಾವತ್ತೂ ಕೋಣ ಸಾಕಿರ್ಲಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಮತ್ತೆ ಯಾಕೆ ಸುಮ್ನಿದ್ರಿ?"

"ಅವಳು ಸತ್ತ ದಿನ ನನ್ನ ಮಕ್ಕಳಿಗೇ ಮರ್ತುಹೋಗಿತ್ತು. ಇವನೊಬ್ಬ ನೆನಪಿಟ್ಟು ಉಳಿ ಹಿಡೀತಿದ್ದ. ಯಾಕೆ ಬಾಯಿ ಬಿಡ್ಲಿ? ಮಂಕು ಗಿಂಕು ಅಂತ ನಾನೂ ಗೋಳು ಹೊಯ್ಕೊಂಡೆ. ಲೆಕ್ಕ ಸರಿಹೋಯ್ತು." ಅವನು ಮೌಲ್ವಿಯ ಕಡೆ ತಿರುಗಿದ. "ಇನ್ನೊಮ್ಮೆ ಕೇಳಿ, ಪಕ್ ರೋಫಿಕ್."

ಇಲ್ಲಿಗೇ ಬಿಡಬಹುದಿತ್ತು. ವಾರ್ತಿನಿಗೂ ಹಾಗೆ ಅನ್ನಿಸಿತು. ಆದರೆ ಅಪ್ಪ ಎರಡೂ ಎಂದಿದ್ದ.

"ಇನ್ನೊಂದಿದೆ, ಲಿಕ್. ಆವತ್ತು ಪಂಜರದ ಕೊಂಡಿ ತೆಗ್ದಿದ್ದು ಅಪ್ಪ."

ಛತ್ರಿ ವಾಲಿತು. ಇದು ಅವನಿಗೆ ಗೊತ್ತಿರಲಿಲ್ಲ.

"ನಾನು ಹಾಕಿದ್ನಾ?" ಪರ್ಜಾನ್ ಅವಳ ಕಡೆ ಬಾಗಿದ. "ನೀರಿಟ್ಟು... ಹಾಕಿದ್ನಾ?"

"ಹಾಕಿದ್ರಿ. ಹಾಕಿದ್ದನ್ನ ಅಪ್ಪ ತೆಗೆದ್ರು."

ಅವನು ಛತ್ರಿಯನ್ನು ಪಕ್ಕದವನ ಕೈಗೆ ಕೊಟ್ಟು ಜನಾಜಾದ ಮೇಲೆ ಬಾಗಿದ. ಇಬ್ಬರು ಗಂಡಸರು ಅವನ ತೋಳು ಹಿಡಿಯಲು ಮುಂದಾದರು. "ಏಳು, ಕಾಂಗ್," ಎಂದ ಅವನು ಬಟ್ಟೆಗೆ ಬಾಯಿ ಹಚ್ಚಿ. "ಒಂದೇ ಒಂದು ಬಾರಿಸ್ತೀನಿ, ಆಮೇಲೆ ಮಲಕ್ಕೋ." ಹೆಗಲು ಅದುರತೊಡಗಿತು. ಅಳುತ್ತಿದ್ದಾನೆಂದು ಜನ ತಲೆ ತಗ್ಗಿಸಿದರು. ತಗ್ಗಿಸಿದ ತಲೆಗಳ ಮೇಲಿಂದ ಅವನ ನಗು ಹಾದುಹೋಯಿತು.

"ಹಾಕಿದ್ದೆ ಕಣ್ರೋ. ನಾನು ಕೊಂಡಿ ಹಾಕಿದ್ದೆ."

ಮೌಲ್ವಿ ಮೆಲ್ಲಗೆ ಕೇಳಿದ: "ಇವರು... ಒಳ್ಳೆಯವರಾ?"

ಅಂಗಳ ಪರ್ಜಾನನ ಕಡೆ ನೋಡಿತು.

"ಒಳ್ಳೆಯವ," ಎಂದ ಅವನು, ಕಣ್ಣು ಒರೆಸಿಕೊಳ್ಳುತ್ತಾ. "ಕಳ್ಳ ನನ್ಮಗ. ಒಳ್ಳೆಯವ."

ಜನಾಜಾ ಎತ್ತಿದರು. ಸ್ಮಶಾನದ ದಾರಿ ಪರ್ಜಾನನ ಅಂಗಳದ ಮುಂದೆಯೇ. ಅವನು ಗುಂಪು ಬಿಟ್ಟು ಕಂಬದ ಬಳಿ ಹೋಗಿ ಖಾಲಿ ಪಂಜರವನ್ನು ಇಳಿಸಿದ. ಹದಿನೆಂಟು ವರ್ಷ ತೆರೆದೇ ಇದ್ದ ಬಾಗಿಲಿನಿಂದ ಅರ್ಧ ಗರಿಯನ್ನು ಒಳಗಿಟ್ಟು ಕೊಂಡಿ ಹಾಕಿದ. ಎಳೆದು ನೋಡಿದ. ಇನ್ನೊಮ್ಮೆ ಎಳೆದು ನೋಡಿದ. "ನೋಡ್ಕೊಳ್ಳಿ ಎಲ್ರೂ," ಎಂದ. ಹೊತ್ತವರಿಗೂ ನಗು ತಡೆಯಲಾಗದೆ ಜನಾಜಾ ಹೆಗಲ ಮೇಲೆ ಕುಲುಕಿತು. ಎಲ್ಲರ ನಗುವಿಗಿಂತ ಮೇಲೆ ಪರ್ಜಾನನದೇ ಕೇಳುತ್ತಿತ್ತು. ಅವನು ಹಗ್ಗ ಎಳೆದಂತೆ ಪಂಜರ ತಡೆತಡೆದು ಮೇಲೇರಿತು. ಒಳಗೆ ಗರಿ ಗಾಳಿಗೆ ಹೊರಳುತ್ತಿತ್ತು: ಒಮ್ಮೆ ಹಕ್ಕಿಯದಾಗಿ, ಒಮ್ಮೆ ಕೋಣದ ತೊಗಲಾಗಿ.